ತಿಳಿಯದ ಭಾಷೆ, ಐದು ವಾಕ್ಯ

ಹದಿನೇಳು ವರ್ಷ ನಾನು ಒಂದು ಸ್ಟೂಲಿನ ಮೇಲೆ ಕೂತು ಈ ಊರಿನ ನಿನ್ನೆಯನ್ನು ಕೇಳಿದ್ದೇನೆ. ನಮ್ಮೂರಿನ ಗೋಡೆಗಳು ಇವತ್ತು ಕೇಳಿಸಿಕೊಂಡ ಮಾತನ್ನು ನಾಳೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಒಂದೇ ಒಂದು ಸಲ ಹಿಂದಕ್ಕೆ ಕೊಡುತ್ತವೆ. ಆಮೇಲೆ ಮರೆತುಬಿಡುತ್ತವೆ. ಹೊರಗಿನಿಂದ ಬಂದವರು ಮೊದಲ ವಾರ ಬೆಚ್ಚಿಬೀಳುತ್ತಾರೆ, ಎರಡನೆಯ ವಾರಕ್ಕೆ ಒಗ್ಗಿಕೊಳ್ಳುತ್ತಾರೆ. ಗಂಡ ಹೆಂಡಿರು ಜಗಳವಾಡಲು ಕೆರೆ ಏರಿಗೆ ಹೋಗುತ್ತಾರೆ. ಸಂಬಂಧ ಕುದುರಿಸುವವರು ಬಯಲಿನಲ್ಲಿ ಚಾಪೆ ಹಾಸುತ್ತಾರೆ. ಕೆಲಸಕ್ಕೆ ಹೋಗುವ ತಾಯಂದಿರು ಇವತ್ತೇ ನಾಲ್ಕು ಬೈಗುಳ ಆಡಿಟ್ಟರೆ ನಾಳೆ ಆ ಹೊತ್ತಿಗೆ ಮಕ್ಕಳು ತೆಪ್ಪಗೆ ಪುಸ್ತಕ ತೆಗೆಯುತ್ತಾರೆ. ಯಾರಾದರೂ ತೀರಿಕೊಂಡರೆ ಮನೆಯವರು ಮಾರನೆಯ ದಿನ ಆ ಕೋಣೆಯಲ್ಲಿ ಕೂತು, ಹೋದವರ ಕಡೆಯ ಮಾತು ಇನ್ನೊಮ್ಮೆ ಬಂದು ಹೋಗುವವರೆಗೆ ಮೇಲೇಳುವುದಿಲ್ಲ.

ಮಾತು ಹೀಗೆ ಮರಳಿ ಬರುವ ಊರಿನಲ್ಲಿ ಅದನ್ನು ಬರೆದುಕೊಳ್ಳುವವರೂ ಬೇಕಲ್ಲ. ಪುರಸಭೆಯ ಆಲಿಕೆ ಇಲಾಖೆ ಇರುವುದು ಅದಕ್ಕೆ. ಪ್ರತಿಯೊಂದು ಕಟ್ಟಡದ ಹಿಂಭಾಗದಲ್ಲೂ ಒಬ್ಬರು ಕೂರುವಷ್ಟು ಗೂಡು ಇರುತ್ತದೆ. ಅಲ್ಲಿ ಕೂತು ಗೋಡೆಗೆ ಕಿವಿಗೊಟ್ಟು ಕಡತದಲ್ಲಿ ಬರೆಯುವುದು ನನ್ನಂಥವರ ಕೆಲಸ. ನಮಗೆ ನಿಯಮ ಎರಡೇ. ಅಡುಗೆಮನೆ ಮಾತು ಬರೆಯಬಾರದು. ಸಾರಿಗೆ ಉಪ್ಪು, ಕಾಫಿಗೆ ಸಕ್ಕರೆ ಅಂತೆಲ್ಲ ಬರೆಯುತ್ತ ಕೂತರೆ ಇಲಾಖೆ ಮುಳುಗಿಹೋಗುತ್ತದೆ. ಇನ್ನೊಂದು, ಆಲಿಸುವವರು ಯಾವ ಕಾರಣಕ್ಕೂ ಗೋಡೆಗೆ ಮಾತಾಡಬಾರದು. ಮಾತಾಡಿದರೆ ಅವತ್ತಿಗೇ ಸ್ಟೂಲು ಹೋಯಿತು. ನಾನು ಈ ಎರಡನೆಯ ನಿಯಮವನ್ನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ, ಒಂಟಿಯಾಗಿರುವ ನನ್ನ ಮನೆಯ ಗೋಡೆಗಳು ಅಷ್ಟು ವರ್ಷವೂ ಪಾತ್ರೆಯ ಸದ್ದನ್ನು ಬಿಟ್ಟು ಬೇರೇನನ್ನೂ ಹಿಂದಕ್ಕೆ ಕೊಟ್ಟಿರಲಿಲ್ಲ.

ನನ್ನ ಸ್ವಭಾವವೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು. ಯಾರಾದರೂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ನನ್ನ ತಲೆ ಕೊರೆಯುತ್ತದೆ. ತರಕಾರಿಯವಳು ಕೇಳದೆಯೇ ಕೊತ್ತಂಬರಿ ಸೊಪ್ಪು ಕೊಟ್ಟರೆ ಆ ವಾರವೆಲ್ಲ ಅವಳ ಮೇಲೆ ಕಣ್ಣಿಟ್ಟಿರುತ್ತೇನೆ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ನನ್ನ ಪಾಲಿಗಿದ್ದ ಕಟ್ಟಡಗಳಲ್ಲಿ ವಿಶ್ವವಿದ್ಯಾಲಯದ ಅರಬ್ಬಿ ವಿಭಾಗವೂ ಒಂದು. ನೀರಿನ ಟ್ಯಾಂಕಿನ ಪಕ್ಕ, ಹಂಚಿನ ಮಾಡಿನ ಎರಡು ಕೋಣೆ. ನಮ್ಮಲ್ಲಿ ಪಾಠ ಹೇಳುವ ಕಡೆಯಲ್ಲೆಲ್ಲ ಎರಡೆರಡು ಕೋಣೆ ಇರಲೇಬೇಕು. ಇವತ್ತು ಮೂಡಣ ಕೋಣೆಯಲ್ಲಿ ಪಾಠವಾದರೆ ನಾಳೆ ಪಡುವಣ ಕೋಣೆಯಲ್ಲಿ. ಇಲ್ಲದಿದ್ದರೆ ನಿನ್ನೆಯ ಪಾಠ ಇವತ್ತಿನ ಪಾಠದ ಮೇಲೆ ಬಂದು ಕೂರುತ್ತದೆ. ನಿನ್ನೆ ತಪ್ಪಿಸಿಕೊಂಡವರು ಖಾಲಿ ಕೋಣೆಯಲ್ಲಿ ಕೂತು ಗೋಡೆಯಿಂದಲೇ ಪಾಠ ಕೇಳಿಕೊಳ್ಳುವುದೂ ಉಂಟು. ಅಲ್ಲಿ ಪಾಠ ಹೇಳುತ್ತಿದ್ದವರು ಯಾಕೂಬ್ ಮೇಷ್ಟ್ರು. ಎಲ್ಲಿಂದಲೋ ಬಂದು ಸೇರಿದವರು. ಗೂಡಿನಲ್ಲಿ ಕೂತವರಿಗೆ ದನಿ ಕೇಳುತ್ತದೆಯೇ ಹೊರತು ಮುಖ ಕಾಣುವುದಿಲ್ಲ, ಹಾಗಾಗಿ ಮೊದಲ ಒಂಬತ್ತು ವರ್ಷ ಅವರು ನನಗೆ ಬರೀ ದನಿ.

ಹನ್ನೊಂದರಿಂದ ಹನ್ನೆರಡರವರೆಗೆ ಪಾಠ. ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ಪಾಠ ಮುಗಿದು ಬೆಂಚುಗಳ ಸದ್ದು ಅಡಗಿ, ಎಲ್ಲರೂ ಹೋದ ಮೇಲೆ, ಹನ್ನೆರಡೂ ಕಾಲಿಗೆ ಸರಿಯಾಗಿ ಆ ದನಿ ಒಂದೇ ಆಗಿ ಕೇಳುತ್ತಿತ್ತು. ಅರಬ್ಬಿಯಲ್ಲಿ ಒಂದು ವಾಕ್ಯ ಹೇಳಿ ಸುಮ್ಮನಾಗುವುದು. ಎದುರಿಗೆ ಯಾರೋ ಉತ್ತರ ಕೊಡಲಿ ಎಂದು ಕಾಯುವವರ ಹಾಗೆ ಸುಮಾರು ಹೊತ್ತು ಕಾಯುವುದು. ಆಮೇಲೆ ನಾಲ್ಕು ವಾಕ್ಯ. ಬಾಗಿಲ ಚಿಲಕದ ಸದ್ದು. ಅಷ್ಟೇ. ದಿನಾ ಅದೇ ಐದು ವಾಕ್ಯ, ಅದೇ ಮೌನ. ನಾನು ದಿನಾ ಕಡತದಲ್ಲಿ ಬರೆಯುತ್ತಿದ್ದೆ: ತಿಳಿಯದ ಭಾಷೆ, ಐದು ವಾಕ್ಯ, ನಡುವೆ ಮೌನ.

ನಮ್ಮ ಸೂಪರಿಂಟೆಂಡೆಂಟ್ ಚನ್ನಬಸಯ್ಯನವರು ಹೊಸದಾಗಿ ಬಂದಾಗ ಹಳೆಯ ಕಡತಗಳನ್ನೆಲ್ಲ ತರಿಸಿ ನೋಡಿದರು. ಈ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಬಯಲಿಗೆ ಕರೆದುಕೊಂಡು ಹೋದರು. ಇಲಾಖೆಯ ಗುಟ್ಟಿನ ಮಾತೆಲ್ಲ ಅಲ್ಲೇ ನಡೆಯುವುದು.

“ಒಂಬತ್ತು ವರ್ಷದಿಂದ ಒಬ್ಬ ಮನುಷ್ಯ ಖಾಲಿ ಕೋಣೇಲಿ ಯಾರ ಜೊತೆ ಮಾತಾಡ್ತಾನೆ, ದಮಯಂತಿಯವ್ರೇ?”

“ಗೊತ್ತಿಲ್ಲ ಸಾರ್. ಎದುರಿನ ದನಿ ಕೇಳ್ಸಲ್ಲ.”

“ಅದೇ ನಂಗೆ ಸರಿ ಕಾಣ್ದೇ ಇರೋದು. ನಮ್ ಗೋಡೆಗೂ ಕೇಳ್ಸದ ಹಾಗೆ ಉತ್ತರ ಕೊಡೋನು ಸಾಮಾನ್ಯದವನಲ್ಲ.”

ಕೋಣೆಗೆ ಕಂಬಳಿ ಹೊದಿಸಿಬಿಡಬೇಕು ಎಂಬುದು ಅವರ ಆಸೆ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನಾಲ್ಕೂ ಗೋಡೆಗೆ ದಪ್ಪ ಕರೀಕಂಬಳಿ ಬಿಗಿದು ಮೊಳೆ ಹೊಡೆದರೆ ಗೋಡೆ ಕಿವುಡಾಗುತ್ತದೆ, ಮೂಕವಾಗುತ್ತದೆ. ಅಂಥ ಕೋಣೆಯಲ್ಲಿ ಯಾರೂ ಪಾಠ ಕೇಳುವುದಿಲ್ಲ, ಅಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಆದರೆ ಕಂಬಳಿ ಹೊದಿಸಲು ಏನು ಮಾತಾಡಿದರು ಎಂದು ದಾಖಲೆ ಬೇಕು. ತಿಳಿಯದ ಭಾಷೆ ಎಂದರೆ ಕಾಯಿದೆ ಒಪ್ಪುವುದಿಲ್ಲ.

“ನೀವೇ ಹೋಗಿ ಸೇರ್ಕೊಳ್ಳಿ,” ಎಂದರು ಚನ್ನಬಸಯ್ಯನವರು. “ಎರಡು ವರ್ಷದ ಡಿಪ್ಲೊಮಾ ಅಂತೆ. ಕಲ್ತು ಬಂದು ಬರೀರಿ. ಪಾಠ ಒಪ್ಸೋ ಮಾತು ನಿಯಮಕ್ಕೆ ಬರಲ್ಲ.”

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಎರಡು ನೋಟ್‌ಬುಕ್ಕು ಹಿಡಿದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದೆ. ಯಾಕೂಬ್ ಮೇಷ್ಟ್ರು ದನಿಗಿಂತ ಚಿಕ್ಕವರಾಗಿ ಕಂಡರು. ಸಣಕಲು ಮೈ, ಮೊಣಕೈ ಹತ್ತಿರ ತೇಪೆ ಹಾಕಿದ ಕೋಟು. ಹೆಸರು ಬರೆದುಕೊಂಡರು. ಯಾಕೆ ಬಂದಿರಿ, ಏನು ಮಾಡಿಕೊಂಡಿದ್ದೀರಿ ಎಂದು ಒಂದು ಮಾತು ಕೇಳಲಿಲ್ಲ. ನಾನು ರಾತ್ರಿಯೆಲ್ಲ ಕೂತು ಕಟ್ಟಿದ್ದ ಸುಳ್ಳು, ನಿವೃತ್ತಿಯಾದ ಮೇಲೆ ಹೊತ್ತು ಹೋಗಬೇಕಲ್ಲ ಎಂಬುದು, ಬಾಯಲ್ಲೇ ಉಳಿಯಿತು. ಕೇಳಬೇಕಾದದ್ದನ್ನು ಕೇಳದವರನ್ನು ನಂಬುವುದು ಹೇಗೆ? ಅವತ್ತೇ ವರದಿಯಲ್ಲಿ ಬರೆದೆ: ಪ್ರಶ್ನೆ ಕೇಳುವುದಿಲ್ಲ, ಗಮನಿಸತಕ್ಕದ್ದು.

ತರಗತಿಯಲ್ಲಿ ನನ್ನ ಜೊತೆ ಇಬ್ಬರೇ. ಒಬ್ಬಳು ಸಫೂರಾ, ಆಸ್ಪತ್ರೆಯ ನರ್ಸು. ಕೊಲ್ಲಿ ದೇಶದಲ್ಲಿ ಕೆಲಸ ಸಿಕ್ಕಿದರೆ ರೋಗಿಗಳಿಗೆ ಎಲ್ಲಿ ನೋಯುತ್ತದೆ ಎಂದು ಅವರದೇ ಮಾತಿನಲ್ಲಿ ಕೇಳಬೇಕು ಎಂಬುದು ಅವಳ ಲೆಕ್ಕಾಚಾರ. ಇನ್ನೊಬ್ಬರು ತಿಪ್ಪೇಶಣ್ಣ, ಕರೆಂಟು ಇಲಾಖೆಯ ನಿವೃತ್ತ ಲೈನ್‌ಮ್ಯಾನ್. ಆಯುಷ್ಯವಿಡೀ ಕಂಬ ಹತ್ತಿ ಆಕಾಶ ನೋಡಿದವರು, ನಕ್ಷತ್ರಗಳಿಗೆ ಅರಬರಿಟ್ಟ ಹೆಸರುಗಳ ಹುಚ್ಚು ಹಿಡಿಸಿಕೊಂಡಿದ್ದರು. ಎರಡನೆಯ ದಿನವೇ ಅವರು ಎದ್ದು ನಿಂತು, ನಮ್ಮ ರೋಹಿಣಿಗೆ ಅವರು ಅಲ್ ದಬರಾನ್ ಅನ್ನುತ್ತಾರೆ, ಹಾಗೆಂದರೆ ಬೆನ್ನು ಹತ್ತಿ ಬರುವವನು ಎಂದರು. ಮೂವರೂ ನನ್ನ ಕಡೆಗೇ ನೋಡಿದರೆಂದು ನನಗೆ ಅನ್ನಿಸಿತು.

ಭಾಷೆಯೂ ಅನುಮಾನ ಪಡುವಂಥದ್ದೇ. ಬಲದಿಂದ ಎಡಕ್ಕೆ ಬರೆಯಬೇಕು. ನಾನು ಕೊನೆಯ ಪುಟ ಅಂದುಕೊಂಡದ್ದು ಮೊದಲ ಪುಟ. ಅಕ್ಷರಗಳೋ, ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡು ಮೈ ಬದಲಿಸುತ್ತವೆ. ಒಂಟಿಯಾಗಿದ್ದಾಗ ಒಂದು ಮುಖ, ಜೊತೆ ಸಿಕ್ಕಾಗ ಇನ್ನೊಂದು. ಇಂಥ ಜನರನ್ನು ನಾನು ಪುರಸಭೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಗಂಟಲಿನ ತಳದಿಂದ ತೆಗೆಯಬೇಕಾದ ಒಂದು ಅಕ್ಷರವಿದೆ. ಅಷ್ಟು ವರ್ಷ ಮಾತು ನುಂಗಿದ ಗಂಟಲು ನನ್ನದು, ಅಲ್ಲಿಂದ ಏನೂ ಹೊರಡಲಿಲ್ಲ. “ಅವಸರ ಇಲ್ಲ ದಮಯಂತಮ್ಮ,” ಎಂದರು ಮೇಷ್ಟ್ರು. “ಒಳಗಿದೆ, ಬರುತ್ತೆ.” ಒಳಗೆ ಏನಿದೆ ಎಂದು ಇವರಿಗೆ ಹೇಗೆ ಗೊತ್ತು ಎಂದು ನಾನು ಯೋಚಿಸುತ್ತ ಕೂತೆ.

ಒಂದು ದಿನ ಅವರು ಕರಿಹಲಗೆಯ ಮೇಲೆ ನಮ್ಮ ಊರಿನ ಮಾತುಗಳನ್ನೇ ಬರೆದರು: ಅರ್ಜಿ, ಹಾಜರಿ, ಕಾಯಿದೆ, ವಕೀಲ, ತಕರಾರು, ಇಲಾಖೆ. ಎಲ್ಲವೂ ಅರಬ್ಬಿಯಿಂದ ನಡೆದು ಬಂದವಂತೆ. ತಕರಾರು ಎಂದರೆ ಅವರಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಇಷ್ಟು ದಿನ ಇವು ನಮ್ಮ ಆಫೀಸಿನೊಳಗೇ ಕೂತಿದ್ದವೇ, ನಮ್ಮ ಬಾಯಲ್ಲೇ? ವರದಿಯಲ್ಲಿ ಅದನ್ನೂ ಬರೆದೆ. ಚನ್ನಬಸಯ್ಯನವರು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ, ಇಲಾಖೆಗೆ ಸಂಬಂಧವಿಲ್ಲ ಎಂದು ಬರೆದರು.

ಶನಿವಾರ ಸಂಸ್ಕೃತಿಯ ಪಾಠ. ಅವತ್ತು ಮೇಷ್ಟ್ರು ಕೊಕ್ಕಿನಂಥ ಮೂತಿಯ ಹಿತ್ತಾಳೆ ಹೂಜಿಯಲ್ಲಿ ಏಲಕ್ಕಿ ಹಾಕಿದ ಕಾಫಿ ತರುತ್ತಿದ್ದರು. ಹಾಲಿಲ್ಲ, ಸಕ್ಕರೆಯಿಲ್ಲ, ನೋಡಲು ಗೋಮೂತ್ರದ ಬಣ್ಣ. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದು ಗುಟುಕಿನಷ್ಟು ಸುರಿದು ಕೈಗೆ ಕೊಡುವುದು. ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಸುರಿಯುವುದು. ಮೊದಲ ಶನಿವಾರ ಸಫೂರಾ ಮೂರು ಬಟ್ಟಲು ಕುಡಿದಳು, ತಿಪ್ಪೇಶಣ್ಣ ಎರಡು. ನನಗೆ ಮಾತ್ರ ಸುರಿಯುತ್ತಲೇ ಇದ್ದರು. ಕೊಟ್ಟದ್ದನ್ನು ಬೇಡವೆಂದರೆ ಅನುಮಾನ ಬರುತ್ತದೆ ಎಂದು ಕುಡಿದೆ. ಐದಾಯಿತು, ಏಳಾಯಿತು. ಇದೇನು ಕುಡಿಸಿ ಬಾಯಿ ಬಿಡಿಸುವ ಉಪಾಯವೋ ಎಂದು ಹಲ್ಲು ಕಚ್ಚಿ ಕುಡಿದೆ. ಹನ್ನೊಂದನೆಯದಕ್ಕೆ ಬಟ್ಟಲು ಕೈಯಲ್ಲಿ ತಾನಾಗಿ ಅಲುಗಾಡಿತು. ಕೂಡಲೇ ಮೇಷ್ಟ್ರು ಹೂಜಿ ಕೆಳಗಿಟ್ಟರು. ಮುಂದಿನ ವಾರ ಕಣ್ಣಿಟ್ಟು ನೋಡಿದೆ: ಉಳಿದಿಬ್ಬರೂ ಬಟ್ಟಲು ಹಿಂದಕ್ಕೆ ಕೊಡುವ ಮೊದಲು ಬೆರಳ ತುದಿಯಲ್ಲಿ ಅದನ್ನು ಅತ್ತಿತ್ತ ಅಲುಗಾಡಿಸುತ್ತಿದ್ದರು. ವರದಿಯಲ್ಲಿ ಬರೆದೆ: ಬಟ್ಟಲಿನ ಮೂಲಕ ಸಂಕೇತ. ಅದು ಸಾಕು ಎನ್ನುವ ಸಂಕೇತ ಎಂದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ. ಹೊಟ್ಟೆ ಹುಣ್ಣಾಗುವಂತೆ ನಕ್ಕು ಸಫೂರಾ ಹೇಳಿದಳು: “ಅಕ್ಕ, ಅಲ್ಲಾಡಿಸೋತನಕ ಹಾಕ್ತಾನೇ ಇರ್ಬೇಕು ಅವ್ರು. ನಿಲ್ಲಿಸಿದ್ರೆ ಅತಿಥಿಗೆ ಅವಮಾನ. ನಿಮ್ಗೆ ತುಂಬಾ ಇಷ್ಟ ಅಂದ್ಕೊಂಡಿದ್ವಿ.” ವರದಿ ಅಷ್ಟು ಹೊತ್ತಿಗೆ ಕಡತ ಸೇರಿಯಾಗಿತ್ತು.

ಪಾಠ ಮುಗಿಸಿ ನಾನು ದಿನಾ ಕಟ್ಟಡದ ಸುತ್ತು ಹಾಕಿಕೊಂಡು, ಗೂಡಿನಲ್ಲಿ ಹೋಗಿ, ಹಿಂದಿನ ದಿನ ಪಾಠವಾದ ಕೋಣೆಯ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದೆ. ಹನ್ನೆರಡೂ ಕಾಲಿಗೆ ಗೋಡೆ ನಿನ್ನೆಯ ಐದು ವಾಕ್ಯ ಕೊಡುತ್ತಿತ್ತು. ಮೊದಲ ವಾಕ್ಯದಲ್ಲಿ ಯಾರನ್ನೋ ಸ್ವಾಗತಿಸುತ್ತಿದ್ದಾರೆ ಎಂದು ಬೇಗ ತಿಳಿಯಿತು. ‘ಅಹ್ಲನ್ ವ ಸಹ್ಲನ್’ ಎನ್ನುವುದು ನಮಗೆ ಮೊದಲ ವಾರವೇ ಪಾಠವಾಗಿತ್ತು. ಅದರ ಬೆನ್ನಿಗೆ ‘ಯಾ ಜಾರೀ’ ಎಂದು ಯಾರನ್ನೋ ಕರೆಯುತ್ತಿದ್ದರು. ಯಾರನ್ನೆಂದು ತಿಳಿಯಲಿಲ್ಲ. ಮೇಷ್ಟ್ರನ್ನು ಕೇಳುವಂತಿರಲಿಲ್ಲ, ಕೇಳಿದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು. ಉಳಿದ ನಾಲ್ಕು ವಾಕ್ಯದಲ್ಲಿ ಒಂದೊಂದೇ ಮಾತು ಕತ್ತಲಲ್ಲಿ ದೀಪ ಹಚ್ಚಿದ ಹಾಗೆ ಕಾಣತೊಡಗಿತು. ಬೈತ್, ಮನೆ. ಬಾಬ್, ಬಾಗಿಲು. ನಾರ್, ಬೆಂಕಿ. ಆಮೇಲೆ ಮೂರು. ಆಮೇಲೆ ನಾಳೆ.

ಎಂಟನೆಯ ತಿಂಗಳಿನ ವರದಿಯಲ್ಲಿ ನಾನು ಅದನ್ನು ಬರೆದೆ: ಅಜ್ಞಾತ ವ್ಯಕ್ತಿಯೊಬ್ಬನನ್ನು ಸ್ವಾಗತಿಸಿ, ಮನೆ, ಬಾಗಿಲು, ಬೆಂಕಿ, ಮೂರು, ನಾಳೆ ಎನ್ನುತ್ತಾರೆ. ನಡುವೆ ಇನ್ನೊಂದು ಮಾತೂ ಸ್ಪಷ್ಟವಾಗಿ ಕೇಳಿತ್ತು. ಕಹ್ವಾ. ಕಾಫಿ. ಅದನ್ನು ಬಿಟ್ಟೆ. ಅಡುಗೆಮನೆ ಮಾತು ಬರೆಯಬಾರದಲ್ಲ.

ಚನ್ನಬಸಯ್ಯನವರು ಆ ಕಾಗದವನ್ನು ಬಯಲಿನಲ್ಲಿ ನಿಂತು ಎರಡು ಸಲ ಓದಿದರು. ಅವರ ಮುಖ ಅರಳಿತು. “ಮನೆ, ಬಾಗಿಲು, ಬೆಂಕಿ. ಇನ್ನೇನಮ್ಮ ಬೇಕು? ಮೂರು ಅಂದ್ರೆ ಮೂರು ಗಂಟೇನೋ ಮೂರು ಮನೇನೋ, ಅದೊಂದು ತಿಳೀಬೇಕು ಅಷ್ಟೇ.” ಅವತ್ತೇ ಕುರುಬರ ಕೇರಿಯ ಮಗ್ಗಗಳಿಗೆ ಅರವತ್ತು ಕಂಬಳಿ ನೇಯಲು ಹೇಳಿಕಳಿಸಿದರು. ನನಗೆ ಬಡ್ತಿಯ ಮಾತೂ ಬಂತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಕಂಬಳಿ ನೇಯ್ದು ಮುಗಿಯಲು ಒಂದು ವರ್ಷವೇ ಹಿಡಿಯಿತು. ಅಷ್ಟರಲ್ಲಿ ನಾನು ಎರಡನೆಯ ವರ್ಷದಲ್ಲಿದ್ದೆ, ಗಂಟಲಿನ ಅಕ್ಷರ ಬಂದಿತ್ತು, ಕನಸಿನಲ್ಲಿ ಒಮ್ಮೊಮ್ಮೆ ಬಲದಿಂದ ಎಡಕ್ಕೆ ನಡೆಯುತ್ತಿದ್ದೆ. ಗುರುವಾರ ಮಧ್ಯಾಹ್ನ ಸೂಪರಿಂಟೆಂಡೆಂಟರು ಖುದ್ದು ಬಂದು ಪಡುವಣ ಕೋಣೆಯಲ್ಲಿ ಬುಧವಾರದ ಮಾತನ್ನು ಕೇಳುವುದು, ಕೇಳಿದ ಕೂಡಲೇ ಕಂಬಳಿ ಹೊಡೆಯುವುದು ಎಂದು ಗೊತ್ತಾಯಿತು. ಸಾಕ್ಷಿಗೆ ಗೋಡೆ ಹೇಳಿದ್ದಷ್ಟೇ ಲೆಕ್ಕ. ಆಲಿಸುವವರಾಗಲಿ ಆರೋಪಿಯಾಗಲಿ ಆಮೇಲೆ ಎಷ್ಟು ವಿವರಿಸಿದರೂ ನಡೆಯುವುದಿಲ್ಲ.

ಆ ವಾರದ ಮಂಗಳವಾರ ಮೇಷ್ಟ್ರು ಅತಿಥಿ ಮತ್ತು ನೆರೆಹೊರೆಯ ಬಗ್ಗೆ ಪಾಠ ಹೇಳಿದರು. ಮರಳುಗಾಡಿನ ಜನ ಗುಡಾರಕ್ಕೆ ಬಂದವರನ್ನು ಮೂರು ದಿನ ಯಾರು, ಯಾಕೆ ಬಂದೆ ಎಂದು ಕೇಳುವುದಿಲ್ಲ. ಮೊದಲು ಊಟ, ನೆರಳು, ಕಾಫಿ. ಯಾರಾದರೂ ಸ್ವಾಗತ ಹೇಳಿದರೆ ಮರುಮಾತು ಕೊಡುವುದು ಕೇಳಿದವರ ಮೇಲಿನ ಋಣ. ಅಷ್ಟು ಹೇಳಿ ಅವರು ಕರಿಹಲಗೆಯ ಮೇಲೆ ಒಂದು ಮಾತು ಬರೆದರು. ಜಾರ್.

“ಜಾರ್ ಅಂದ್ರೆ ನೆರೆಯವರು. ಯಾರು ನೆರೆಯವರು? ನಮ್ಮ ಗೋಡೆ ಆಚೆ ಇರೋರು. ಅವ್ರು ಕಾಣ್ಲಿ, ಕಾಣ್ದೇ ಇರ್ಲಿ, ನಮ್ಮನೆ ಹೊಗೆ ವಾಸನೆ ಅವ್ರಿಗೆ ಹೋದ್ರೆ ಅಡುಗೆಯಲ್ಲೂ ಅವ್ರಿಗೊಂದು ಪಾಲು ಹೋಗ್ಬೇಕು.”

ನನ್ನ ಪೆನ್ನು ನಿಂತಿತು. ಹನ್ನೆರಡೂ ಕಾಲಿಗೆ ಗೂಡಿನಲ್ಲಿ ಕೂತು ಕಿವಿಗೊಟ್ಟೆ. ಐದೂ ವಾಕ್ಯಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಬಂದವು. ‘ಬನ್ನಿ, ನೆರೆಯವರೇ.’ ಆಮೇಲೆ ಮೌನ. ‘ಈ ಮನೆ ನಿಮ್ಮದೇ ಮನೆ. ಬಾಗಿಲು ತೆರೆದಿದೆ. ಕಾಫಿ ಬೆಂಕಿಯ ಮೇಲಿದೆ, ನಿಮ್ಮ ಪಾಲಿಗೆ ಮೂರು ಬಟ್ಟಲು. ಇವತ್ತು ಆಗದಿದ್ದರೆ ನಾಳೆ ಬನ್ನಿ.’

ಗೋಡೆಯ ಆಚೆ ಇರುವುದು ಯಾರು? ಹನ್ನೊಂದು ವರ್ಷ ಆ ಗೂಡಿನಲ್ಲಿ ಕೂತವಳು ನಾನು. ಈ ಊರಿನ ಸಾವಿರ ಬಾಯಿಯ ಮಾತು ನನ್ನ ಕಿವಿಯ ಮೂಲಕ ಹೋಗಿದೆ, ಒಂದೂ ನನಗಾಗಿ ಆಡಿದ್ದಲ್ಲ. ಕಿವಿಯಿರುವ ಕಡೆ ಒಂದು ಜೀವವೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಇವರೊಬ್ಬರು ದಿನಾ ನನ್ನನ್ನು ಒಳಗೆ ಕರೆದಿದ್ದರು, ಕರೆದು ಉತ್ತರಕ್ಕೆ ಕಾದಿದ್ದರು. ನಾನು ಕಾಫಿಯನ್ನು ಬಿಟ್ಟು ಬೆಂಕಿಯನ್ನು ಮಾತ್ರ ಬರೆದಿದ್ದೆ. ಗೂಡಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಗೋಡೆಗೆ ಕೇಳಬಾರದೆಂದು.

ಸಂಜೆ ಚನ್ನಬಸಯ್ಯನವರನ್ನು ಬಯಲಿನಲ್ಲಿ ಹಿಡಿದೆ. ವಾಕ್ಯಗಳನ್ನು ಪೂರ್ತಿ ಬಿಡಿಸಿ ಹೇಳಿದೆ.

“ಕಾಫಿ ಅಂತ ಯಾಕೆ ಬರೀಲಿಲ್ಲ ಮತ್ತೆ?”

“ಅಡುಗೆಮನೆ ಮಾತು ಬರೀಬಾರ್ದು ಅಂತ ನಿಯಮ ಅಲ್ವಾ ಸಾರ್.”

“ಹಾಗಾದ್ರೆ ನಿಯಮದ ಪ್ರಕಾರ ಸರಿಯಾಗೇ ಬರ್ದಿದ್ದೀರಿ. ಇನ್ನೇನು ತೊಂದ್ರೆ?” ಎಂದು ಅವರು ಚಪ್ಪಲಿಯಲ್ಲಿ ಹುಲ್ಲು ಸವರಿದರು. “ನೋಡಿ, ಅರವತ್ತು ಕಂಬಳಿ ಬಂದು ಬಿದ್ದಿದೆ. ಬಯಲಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ. ಗೋಡೆ ಏನು ಹೇಳುತ್ತೋ ಅದು.”

ಬುಧವಾರ ಪಾಠ ನಡೆದದ್ದು ಪಡುವಣ ಕೋಣೆಯಲ್ಲಿ. ಹನ್ನೆರಡಕ್ಕೆ ಸಫೂರಾ, ತಿಪ್ಪೇಶಣ್ಣ ಹೋದರು. ನಾನೂ ಹೋದೆ, ಹಜಾರದ ಕಂಬದ ಮರೆಯಲ್ಲಿ ನಿಂತೆ. ನನ್ನ ಸ್ಟೂಲು ನೆನಪಾಯಿತು. ಅದರ ಒಂದು ಕಾಲಿಗೆ ರಟ್ಟು ಕೊಟ್ಟು ಸರಿ ಮಾಡಿಕೊಂಡಿದ್ದೆ. ಇನ್ನು ಒಂಬತ್ತು ವರ್ಷ ಕೂತಿದ್ದರೆ ಪಿಂಚಣಿ. ಒಳಗೆ ಮೇಷ್ಟ್ರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

“ಅಹ್ಲನ್ ವ ಸಹ್ಲನ್, ಯಾ ಜಾರೀ.”

ಮೌನ. ಅವರು ಖಾಲಿ ಗೋಡೆಗೆ ಮುಖ ಮಾಡಿ, ಕೈಕಟ್ಟಿ ನಿಂತಿದ್ದರು. ನಾನು ಹೊಸಿಲು ದಾಟಿ ಒಳಗೆ ಕಾಲಿಟ್ಟೆ.

“ಅಹ್ಲನ್ ಬಿಕ, ಯಾ ಜಾರೀ,” ಎಂದು ಮರುಸ್ವಾಗತ ಹೇಳಿದೆ. ದನಿ ಒಡೆದಿತ್ತು, ಆದರೆ ಹೊರಗೆ ಬಂತು.

ಅವರು ತಿರುಗಲಿಲ್ಲ. ಉಳಿದ ನಾಲ್ಕು ವಾಕ್ಯವನ್ನು ನಿಧಾನವಾಗಿ, ಗೋಡೆಗೇ ಹೇಳಿ ಮುಗಿಸಿದರು. ಒಂದೊಂದು ವಾಕ್ಯ ಮುಗಿದ ಹಾಗೆಲ್ಲ ನಾನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ಈ ಮನೆ ನಿಮ್ಮದೇ ಮನೆ, ಬಾಗಿಲು ತೆರೆದಿದೆ, ಕಾಫಿ ಬೆಂಕಿಯ ಮೇಲಿದೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಹೇಳಿದೆ: “ನಾನು ದಮಯಂತಿ, ಆಲಿಕೆ ಇಲಾಖೆ. ಹನ್ನೊಂದು ವರ್ಷ ಈ ಗೂಡಲ್ಲಿ ಕೂತಿದ್ದೋಳು ನಾನೇ. ಬೆಂಕಿ ಅಂತ ಬರ್ದೋಳೂ ನಾನೇ. ಕಾಫಿ ಅಂತ ಬರೀಲಿಲ್ಲ.”

ಆಗ ಮೇಷ್ಟ್ರು ತಿರುಗಿದರು. ಕಣ್ಣು ಒದ್ದೆಯಾಗಿತ್ತು. ಮೂಲೆಯಲ್ಲಿ ಪುಟ್ಟ ಇದ್ದಿಲ ಒಲೆ ಇತ್ತು, ಅದರ ಮೇಲೆ ಹಿತ್ತಾಳೆ ಹೂಜಿ. ಶನಿವಾರ ಅಲ್ಲದ ದಿನವೂ ಅದು ಅಲ್ಲಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

“ನಿಮಗೆ ನಾನು ಯಾರು ಅಂತ ಮೊದ್ಲೇ ಗೊತ್ತಿತ್ತಾ?” ಎಂದು ಕೇಳಿದೆ. ಅನುಮಾನ ಅಂಥ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ.

“ಸೇರೋಕೆ ಬಂದ ದಿನ ನೀವು ನನ್ನ ಮುಖ ನೋಡೋ ಮುಂಚೆ ಗೋಡೆ ನೋಡಿದ್ರಿ,” ಎಂದರು ಅವರು ಕಾಫಿ ಸುರಿಯುತ್ತ. “ಕೇಳ್ಬಹುದಿತ್ತು. ಮೂರು ದಿನ ಇನ್ನೂ ಆಗಿಲ್ಲ ಅಂದ್ಕೊಂಡೆ.”

“ಕನ್ನಡದಲ್ಲೇ ಕರೀಬಹುದಿತ್ತಲ್ಲ ಮೇಷ್ಟ್ರೇ, ಹನ್ನೊಂದು ವರ್ಷ.”

“ಕನ್ನಡದಲ್ಲಿ ಕರೆದಿದ್ರೆ ನೀವು ಬರ್ಕೊಂಡು ಹೋಗ್ಬಿಡ್ತಿದ್ರಿ. ಅರ್ಥ ಆಗ್ದಿದ್ರೆ ಒಂದಲ್ಲ ಒಂದು ದಿನ ಕೇಳೋಕೆ ಒಳಗೆ ಬರ್ತೀರಿ.” ಅವರು ಸ್ವಲ್ಪ ನಾಚಿಕೊಂಡು ಸೇರಿಸಿದರು: “ವಿದ್ಯಾರ್ಥಿಗಳೂ ಕಮ್ಮಿ ಇದ್ರು.”

ಗಟ್ಟಿಗ ಎಂದುಕೊಂಡೆ. ಮೊದಲನೆಯ ಬಟ್ಟಲು ಕುಡಿದೆ, ಎರಡನೆಯದು ಕುಡಿದೆ, ಮೂರನೆಯದೂ ಆಯಿತು. ಹಿಂದಕ್ಕೆ ಕೊಡುವಾಗ ಬಟ್ಟಲನ್ನು ಅಲುಗಾಡಿಸುವುದು ನನಗೆ ಈಗ ಚೆನ್ನಾಗಿ ಗೊತ್ತಿತ್ತು. ಅಲುಗಾಡಿಸದೆ ಹಾಗೇ ಚಾಚಿದೆ. ಅವರು ಮತ್ತೆ ಸುರಿದರು.

ಗುರುವಾರ ಹನ್ನೆರಡಕ್ಕೆ ಪಡುವಣ ಕೋಣೆ ತುಂಬಿತ್ತು. ಚನ್ನಬಸಯ್ಯನವರು ಕುರ್ಚಿಯಲ್ಲಿ, ಮೊಳೆ ಸುತ್ತಿಗೆ ಹಿಡಿದ ನಾಲ್ವರು ಬಾಗಿಲಲ್ಲಿ, ಹಜಾರದಲ್ಲಿ ಅರವತ್ತು ಕಂಬಳಿಗಳ ರಾಶಿ. ಕುರಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹನ್ನೆರಡೂ ಕಾಲಾಯಿತು. ಗೋಡೆ ಮೇಷ್ಟ್ರ ದನಿಯಲ್ಲಿ ಕೆಮ್ಮಿತು, ಸ್ವಾಗತ ಹೇಳಿತು, ಸುಮ್ಮನಾಯಿತು. ಚನ್ನಬಸಯ್ಯನವರು ಮುಂದಕ್ಕೆ ಬಾಗಿದರು. ಆಗ ಗೋಡೆಯಿಂದ ನನ್ನ ದನಿ ಬಂತು. ನನ್ನ ದನಿಯನ್ನು ಗೋಡೆಯಿಂದ ನಾನು ಕೇಳಿದ್ದು ಇಲಾಖೆ ಸೇರಿದ ಮೇಲೆ ಅದೇ ಮೊದಲು. ಇಷ್ಟು ಒರಟಾಗಿದೆಯೇ ಅನ್ನಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಗೋಡೆ ಐದೂ ವಾಕ್ಯವನ್ನು, ಅದರ ಕನ್ನಡವನ್ನು, ನನ್ನ ಹೆಸರನ್ನು, ಇಲಾಖೆಯ ಹೆಸರನ್ನು, ನನ್ನ ತಪ್ಪನ್ನು ಒಂದಕ್ಷರ ಬಿಡದೆ ಹೇಳಿತು. ಆಮೇಲೆ ನಮ್ಮಿಬ್ಬರ ಮಾತು, ಬಹಳ ಹೊತ್ತು ಬಟ್ಟಲಿಗೆ ಕಾಫಿ ಸುರಿಯುವ ಸದ್ದು.

“ಏನಂತ ಬರೀಲಿ ಸಾರ್?” ಎಂದು ಕಡತ ಹಿಡಿದ ಗುಮಾಸ್ತ ಕೇಳಿದ.

ಚನ್ನಬಸಯ್ಯನವರು ಹಜಾರದ ಕಂಬಳಿ ರಾಶಿಯ ಕಡೆ ನೋಡಿದರು. ಕಂಬಳಿ ಹೊಡೆಸಿದರೆ ಹನ್ನೊಂದು ವರ್ಷ ತಮ್ಮ ಇಲಾಖೆಯನ್ನೇ ಕಾಫಿಗೆ ಕರೆದದ್ದು ಅಪರಾಧ ಎಂದು ದಾಖಲಾಗುತ್ತಿತ್ತು. “ಏನು ಬರೀತೀರಾ, ಅಡುಗೆಮನೆ ಮಾತು,” ಎಂದು ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡದೆ ಹೇಳಿದರು: “ಸ್ಟೂಲು ಒಪ್ಪಿಸಿ ಹೋಗಮ್ಮ.”

ಒಪ್ಪಿಸಿದೆ. ರಟ್ಟನ್ನು ಮಾತ್ರ ತೆಗೆದುಕೊಂಡು ಬಂದೆ. ಕಂಬಳಿಗಳನ್ನು ಪುರಸಭೆಯ ಉಗ್ರಾಣದಲ್ಲಿ ನುಸಿ ತಿನ್ನುತ್ತಿದೆಯಂತೆ. ಡಿಪ್ಲೊಮಾ ಮುಗಿಯಿತು, ಸಫೂರಾಳಿಗೆ ಕೆಲಸ ಸಿಕ್ಕಿತು, ತಿಪ್ಪೇಶಣ್ಣ ಇನ್ನೂ ನಕ್ಷತ್ರ ಎಣಿಸುತ್ತಿದ್ದಾರೆ. ಮೊದಲ ವರ್ಷದವರಿಗೆ ಅಕ್ಷರ ಕಲಿಸುವುದು ಈಗ ನನ್ನ ಕೆಲಸ. ಮನೆಯಲ್ಲಿ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತೇನೆ, ಮಾರನೆಯ ದಿನ ಗೋಡೆ ನನಗೆ ಒಪ್ಪಿಸುತ್ತದೆ. ಅನುಮಾನವೇನೂ ಬಿಟ್ಟುಹೋಗಿಲ್ಲ. ಗೂಡಿಗೆ ಹೊಸಬರೊಬ್ಬರು ಬಂದಿದ್ದಾರೆ. ಗಂಡಸೋ ಹೆಂಗಸೋ ಗೊತ್ತಿಲ್ಲ, ಒಮ್ಮೊಮ್ಮೆ ಸ್ಟೂಲಿನ ಕುಂಟುಕಾಲು ನೆಲಕ್ಕೆ ಬಡಿಯುವ ಸದ್ದು ಕೇಳುತ್ತದೆ. ಏನು ಬರೆಯುತ್ತಾರೋ, ಏನು ಬಿಡುತ್ತಾರೋ ಎಂದು ನನಗೆ ಒಳಗೊಳಗೇ ಕೊರೆಯುತ್ತದೆ. ಅದಕ್ಕೇ ಪಾಠ ಮುಗಿದ ಮೇಲೆ ಮೇಷ್ಟ್ರ ಪಕ್ಕದಲ್ಲಿ ನಾನೂ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಅವರು ಕರೆಯುತ್ತಾರೆ, ಇಬ್ಬರೂ ಕಾಯುತ್ತೇವೆ, ಅವರು ಉಳಿದ ನಾಲ್ಕು ವಾಕ್ಯ ಹೇಳಿ ಮುಗಿಸುತ್ತಾರೆ. ಆಮೇಲೆ ನಾನು ಒಂದೇ ಒಂದು ವಾಕ್ಯವನ್ನು ಕನ್ನಡದಲ್ಲಿ ಸೇರಿಸುತ್ತೇನೆ: “ಕಾಫಿ ಅಂತಾನೂ ಬರ್ಕೊಳ್ಳಿ.”